ಮಾವನವರ ಜೇಬಿನ ಚಾಕು

ನಿಟ್ಟುವಳ್ಳಿ, ದಾವಣಗೆರೆ
ಗುರುವಾರ, ೨೧-೧೧-೨೦೨೪

ಪೂಜ್ಯ ಮಾವನವರಿಗೆ,

ನಿಮ್ಮ ಸೊಸೆ ವಾಣಿಯ ನಮಸ್ಕಾರಗಳು. 'ತೀರ್ಥರೂಪ ಸಮಾನರಾದ' ಎಂದು ಶುರು ಮಾಡಬೇಕೆಂದು ಶಾಲೆಯಲ್ಲಿ ಕಲಿಸಿದ್ದರು. ಬರೆದೆ, ಆಮೇಲೆ ಹಾಳೆ ಹರಿದು ಬೇರೆ ಹಾಳೆ ತೆಗೆದುಕೊಂಡೆ. ಅಷ್ಟು ದೊಡ್ಡ ಮಾತು ಬರೆಯುವ ಮುಖ ಇವತ್ತು ನನಗಿಲ್ಲ. ಯಾಕೆ ಎಂದು ಓದುತ್ತಾ ಹೋದರೆ ತಿಳಿಯುತ್ತದೆ.

ಹೇಗಿದ್ದೀರಿ? ಮಂಡಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದೀರಾ? ಹರಿಹರದಲ್ಲಿ ಹೊಳೆಗಾಳಿ ಜೋರು, ಬೆಳಗಿನ ಹೊತ್ತು ಮಫ್ಲರ್ ಇಲ್ಲದೆ ಗುಡಿಗೆ ಹೋಗಬೇಡಿ. ಹದಿನಾಲ್ಕು ಕಿಲೋಮೀಟರಿಗೆ ಕಾಗದ ಬರೆಯುತ್ತಿದ್ದಾಳಲ್ಲ, ಇವಳಿಗೇನು ಬಂತು ಎಂದುಕೊಳ್ಳಬೇಡಿ. ಫೋನಿನಲ್ಲಿ ನಿಮಗೆ ಕೇಳಿಸುವುದಿಲ್ಲವೆಂದು ಅನ್ನಪೂರ್ಣಕ್ಕ ಸ್ಪೀಕರ್ ಹಾಕುತ್ತಾರೆ. ಸ್ಪೀಕರ್ ಹಾಕಿದರೆ ಅವರ ಮನೆಯವರಷ್ಟೇ ಅಲ್ಲ, ಎದುರು ಮನೆಯವರೂ ಕೇಳುತ್ತಾರೆ. ನಿಮ್ಮ ಮಗಳ ಮೇಲೆ ನನಗೇನೂ ಸಿಟ್ಟಿಲ್ಲ, ಆದರೆ ನಾನು ಹೇಳಬೇಕಾದದ್ದನ್ನು ಮೊದಲು ನೀವೊಬ್ಬರೇ ಕೇಳಬೇಕು. ಕಳೆದ ಭಾನುವಾರ ಬಂದಿದ್ದೆನಲ್ಲ, ಆಗಲೂ ಇದನ್ನು ಹೇಳುವುದಕ್ಕೇ ಬಂದದ್ದು. ನೀವು ಜೇಬಿನಿಂದ ಒಂದು ಚೀಟಿ ತೆಗೆದು, 'ಭಾನುವಾರ ವಾಣಿ ಬರ್ತಾಳೆ' ಎಂದು ಬರೆದುಕೊಂಡಿದ್ದನ್ನು ಓದಿ, "ನೋಡವ್ವ, ಮರೀತೀನಂತ ಬರ್ಕಂಡಿದ್ದೆ" ಎಂದಿರಿ. ಒಗ್ಗರಣೆ ಮಂಡಕ್ಕಿ ತಿಂದು, ಟೀ ಕುಡಿದು, ಹೇಳದೆಯೇ ಬಸ್ಸು ಹತ್ತಿದೆ.

ಇಂಚರಳ ಅಂಗೈ ಪೂರ್ತಿ ಮಾಯ್ದಿದೆ. ಎರಡು ಹೊಲಿಗೆಯ ಗುರುತು ಸಣ್ಣಗೆ ಉಳಿದಿದೆ, ಅಷ್ಟೇ. ಅದನ್ನು ಯುಕೆಜಿಯ ಮಕ್ಕಳಿಗೆಲ್ಲ ತೋರಿಸಿ "ನಂಗೆ ಆಪರೇಶನ್ ಆಗೈತೆ" ಎಂದು ಜಂಬ ಕೊಚ್ಚಿಕೊಂಡು ಬಂದಿದ್ದಾಳೆ, ನಿಮ್ಮ ಮೊಮ್ಮಗಳು. ಮಧ್ಯಾಹ್ನ ಶಾಲೆ ಬಿಟ್ಟ ಕೂಡಲೇ ಗೇಟಿನ ಹತ್ತಿರ ನಿಮ್ಮನ್ನೇ ಹುಡುಕುತ್ತಾಳೆ. ಆಟೋದಲ್ಲಿ ಬಾ ಎಂದರೆ ದಿನಾ ರಂಪ. ಅಜ್ಜನ ಹಾಗೆ ಪೇರಲೆ ಹಣ್ಣು ಹೆಚ್ಚಿ ಉಪ್ಪುಖಾರ ಹಚ್ಚಿಕೊಡಲು ಆಟೋದವನಿಗೆ ಬರುವುದಿಲ್ಲವಂತೆ.

ನೀವು ಯಾಕೆ ಹೊರಟುಹೋದಿರಿ ಎಂಬುದು ನನಗೆ ದಿನವೂ ನೆನಪಾಗುತ್ತದೆ. ದಸರಾ ರಜೆಯ ಆ ಬೆಳಿಗ್ಗೆ ಕಿಟಕಿ ಕಟ್ಟೆಯ ಮೇಲೆ ನಿಮ್ಮ ಚಾಕು ಅಲಗು ತೆರೆದು ಬಿದ್ದಿತ್ತು, ಮಗು ಕೈ ಹಾಕಿತು, ರಕ್ತ ಸುರಿಯಿತು. ನಿಮ್ಮ ಮಗ ಯಾವತ್ತೂ ನಿಮ್ಮ ಮುಂದೆ ದನಿ ಎತ್ತಿದವರಲ್ಲ, ಆವತ್ತು ಎತ್ತಿದರು. "ಮಗು ಇರೋ ಮನ್ಯಾಗೆ ಚಾಕು ಬಿಚ್ಚಿಡ್ತಾರೇನಪ್ಪಾ?" ಎಂದರು. ನೀವು ಮೊದಲು "ಮಡಚಿದ್ನಲ್ಲ" ಎಂದಿರಿ. ಸ್ವಲ್ಪ ಹೊತ್ತು ಬಿಟ್ಟು "ಮಡಚಿದ್ನೇನೋ" ಎಂದಿರಿ. ಆಸ್ಪತ್ರೆಯಿಂದ ಬರುವ ಹೊತ್ತಿಗೆ "ಮಡಚಿಲ್ಲ ಕಾಣ್ತತಿ" ಎನ್ನುತ್ತಿದ್ದಿರಿ. ಅದಾದ ನಾಲ್ಕನೇ ದಿನಕ್ಕೆ ಚಾಕೇ ಕಾಣೆಯಾಯಿತು. ಮಂಚದ ಕೆಳಗೆ, ಚಪ್ಪಲಿ ಗೂಡಿನಲ್ಲಿ, ಮಂಡಿಪೇಟೆಯ ನಮ್ಮ ಅಂಗಡಿಯ ಮೆಕ್ಕೆಜೋಳದ ಚೀಲಗಳ ಸಂದಿಯಲ್ಲಿ, ಎಲ್ಲೆಂದರಲ್ಲಿ ಹುಡುಕಿದಿರಿ. ಪೇರಲೆ ಗಾಡಿಯ ಲಾಲ್ ಸಾಬ್‌ರನ್ನೂ ಕೇಳಿಬಂದಿರಿ. ದೀಪಾವಳಿ ಮುಗಿದ ಮರುದಿನ ಅಂಗಡಿಯ ಕೀಲಿಯನ್ನು ಇವರ ಕೈಗೆ ಕೊಟ್ಟು, "ಇಪ್ಪತ್ತು ವರ್ಷದ ಚಾಕು ಮರೆತೋನು ನಾಳೆ ಮಗೀನೂ ರಸ್ತೇಲಿ ಮರೀತಾನೆ. ಬ್ಯಾಡಪ್ಪ, ನಾನು ಮಗಳ ಮನ್ಯಾಗಿರ್ತೀನಿ" ಎಂದು ಚೀಲ ಹಿಡಿದು ಹೊರಟಿರಿ. ಈಗ ಸೋಮವಾರ ನಿಮ್ಮ ತಲೆ ಸ್ಕ್ಯಾನ್ ಮಾಡಿಸುತ್ತಾರೆಂದು ಅನ್ನಪೂರ್ಣಕ್ಕ ಹೇಳಿದರು.

ನಿಮಗೊಂದು ಹೊಸ ಚಾಕು ಕೊಡಿಸಿಬಿಟ್ಟರೆ ಎಲ್ಲ ಸರಿಹೋಗುತ್ತದೆ ಎಂದು ನನ್ನ ದೊಡ್ಡ ಬುದ್ಧಿಗೆ ಹೊಳೆಯಿತು. ಮೊದಲು ಮೊಬೈಲಿನಲ್ಲಿ ಹುಡುಕಿ ಕಡಿಮೆ ಬೆಲೆಯದೊಂದನ್ನು ತರಿಸಿದೆ. ಡಬ್ಬ ತೆಗೆದರೆ, ಅಯ್ಯೋ ದೇವರೇ, ಕರಿಬಣ್ಣ, ಹಿಡಿಯ ಮೇಲೆ ತಲೆಬುರುಡೆ, ಗುಂಡಿ ಒತ್ತಿದರೆ ಹಾವಿನ ಹಾಗೆ ಅಲಗು ಹೊರಗೆ. "ಇದನ್ನ ಜೇಬಲ್ಲಿಟ್ಕಂಡು ಅಪ್ಪ ಗುಡಿಗೆ ಹೋದ್ರೆ ಪೂಜಾರಪ್ಪ ಮಂಗಳಾರತಿ ತಟ್ಟೇನೇ ಕೊಟ್ಟುಬಿಡ್ತಾನೆ" ಎಂದು ಇವರು ನಕ್ಕರು. ಅದನ್ನು ವಾಪಸ್ ಕಳಿಸಿದೆ. ಆಮೇಲೆ ಮಂಡಿಪೇಟೆಯ ಪಾತ್ರೆ ಅಂಗಡಿಗಳಿಗೆ ಹೋದೆ. ಒಂದರಲ್ಲಿ ಚಮಚ, ಕತ್ತರಿ, ಗರಗಸ, ಬಾಟಲಿ ಮುಚ್ಚಳ ತೆಗೆಯುವುದು, ಎಲ್ಲ ಸೇರಿ ಸೋಪಿನ ಡಬ್ಬಿಯಷ್ಟು ದಪ್ಪ. ನಿಮ್ಮ ಬನಿಯನ್ ಜೇಬು ಹರಿದೇ ಹೋಗುತ್ತದೆ. ಇನ್ನೊಂದು ಎಷ್ಟು ಅಗ್ಗವೋ ಅಷ್ಟೇ ಸಡಿಲ, ಅಲಗು ಹಾಲುಹಲ್ಲಿನ ಹಾಗೆ ಅಲ್ಲಾಡುತ್ತಿತ್ತು.

ಯಾವ ಕೆಲಸಕ್ಕೆ ಬೇಕು ಎಂದು ಅಂಗಡಿಯವನು ಕೇಳಿದ. ಹೇಳಲು ಶುರು ಮಾಡಿದೆ, ನಿಲ್ಲಿಸಲು ಆಗಲಿಲ್ಲ. ಚೀಲದ ಹೊಲಿಗೆ ಬಿಚ್ಚುವುದಕ್ಕೆ, ಮಗುವಿನ ಪೆನ್ಸಿಲ್ ಚೂಪು ಮಾಡುವುದಕ್ಕೆ, ಅತ್ತೆಯವರ ಫೋಟೋಗೆ ಹಾರ ಹಾಕುವಾಗ ದಾರ ಕತ್ತರಿಸುವುದಕ್ಕೆ, ಹಾಲಿನ ಪ್ಯಾಕೆಟ್ಟಿನ ಮೂಲೆಗೆ, ಮಲ್ಲಿಗೆ ಬಳ್ಳಿಯ ಒಣ ತುದಿಗೆ, ಕಬ್ಬಿಗೆ, ಮಾತ್ರೆಯನ್ನು ಎರಡು ಭಾಗ ಮಾಡುವುದಕ್ಕೆ. "ಇಷ್ಟೆಲ್ಲಾ ಕೆಲ್ಸಕ್ಕೆ ಒಬ್ಬ ಆಳೇ ಬೇಕಲ್ರೀ" ಎಂದ ಅವನು. ಎಂಟು ವರ್ಷ ಒಂದೇ ಮನೆಯಲ್ಲಿದ್ದೂ ಆ ಚಾಕಿನಿಂದ ನೀವು ಮಾಡುತ್ತಿದ್ದ ಕೆಲಸವೆಲ್ಲ ನಮ್ಮ ಕೆಲಸವೇ ಎಂದು ನನಗೆ ಹೊಳೆದಿರಲಿಲ್ಲ. ನಿಮಗೆಂದು ಅದನ್ನು ತೆಗೆಯುತ್ತಿದ್ದದ್ದು ಮಾತ್ರೆಗೆ ಮಾತ್ರ.

ಕೊನೆಗೆ ಚೌಕಿಪೇಟೆಯಲ್ಲಿ ಸಾಣೆ ಹಿಡಿಯುವ ಅಬ್ದುಲ್ ರಹೀಮ್ ಅವರ ಅಂಗಡಿಗೆ ಹೋದೆ. ನಿಮ್ಮ ಹೆಸರು ಹೇಳಿದ್ದಕ್ಕೆ ಸ್ಟೂಲ್ ಒರೆಸಿ ಕೂಡಿಸಿದರು. "ರೇಟು ಆಮ್ಯಾಲೆ ಕೇಳ್ರಿ ಅಮ್ಮಾರೆ, ಮೊದ್ಲು ಬಿಚ್ಚಿ ಮಡಚಿ ನೋಡ್ರಿ" ಎಂದು ಶುರು ಮಾಡಿದರು. ಅಲಗು ನಾಲ್ಕು ಬೆರಳಗಲಕ್ಕಿಂತ ಉದ್ದ ಬೇಡವಂತೆ. ತೆರೆದಾಗ ಅಲ್ಲಾಡಬಾರದು, ಮಡಚಿದಾಗ ಟಕ್ ಎನ್ನಬೇಕು. ಸ್ಟೀಲಿನದು ತುಕ್ಕು ಹಿಡಿಯುವುದಿಲ್ಲ, ಆದರೆ ಸಾಣೆಗೆ ಬೇಗ ಬಗ್ಗುವುದಿಲ್ಲ. ಕಬ್ಬಿಣದ್ದು ಬೇಗ ಹರಿತವಾಗುತ್ತದೆ, ಆದರೆ ನಿಂಬೆಹಣ್ಣು ಕೊಯ್ದು ಒರೆಸದೆ ಇಟ್ಟರೆ ಕೆಟ್ಟಿತು. "ಅಪ್ಪಾರು ಪಂಚೆ ತುದೀಲಿ ಒರೆಸದೆ ಯಾವತ್ತೂ ಜೇಬಿಗೆ ಹಾಕ್ದೋರಲ್ಲ, ಅವ್ರಿಗೆ ಕಬ್ಬಿಣದ್ದೇ ಸೈ" ಎಂದು ಐದಾರು ಚಾಕು ನನ್ನ ಮುಂದೆ ಹರಡಿದರು. ನಾನು ಒಂದೊಂದನ್ನೇ ಮಡಚಿ ನೋಡಿ ಇದು ಬಿಗಿ, ಇದೂ ಬಿಗಿ ಎಂದು ಪಕ್ಕಕ್ಕಿಟ್ಟೆ. "ಚಾಕು ಅಪ್ಪಾರಿಗೋ ನಿಮಗೋ?" ಎಂದು ನಕ್ಕರು. ನಾನು ಇನ್ನೊಂದನ್ನು ಕೈಗೆತ್ತಿಕೊಂಡೆ. ಮರದ ಹಿಡಿಯದೊಂದಿತ್ತು, ಸಣ್ಣ ಕೊಕ್ಕೆ ಒತ್ತಿದರೆ ಹೆಂಗಸರ ಎರಡು ಬೆರಳಿಗೂ ಮಡಚಿಕೊಳ್ಳುತ್ತಿತ್ತು. ಅದೇ ಇರಲಿ ಎಂದೆ.

"ಹಳೇದು ಇಷ್ಟೇ ಉದ್ದ ಇತ್ತಾ?" ಎಂದು ಅವರು ಕೇಳಿದರು. ಮಾವ, ನಾನು ಎಂಥ ಪೆದ್ದಿ ನೋಡಿ. ಬ್ಲೌಸ್ ಪೀಸ್ ತರಲು ಹೋಗುವಾಗ ಮ್ಯಾಚಿಂಗ್‌ಗೆ ಸೀರೆ ಒಯ್ಯುತ್ತೇವಲ್ಲ, ಹಾಗೆ ಅಳತೆಗೆ ಇರಲಿ ಎಂದು ಹಳೆಯದನ್ನು ಬ್ಯಾಗಿನಲ್ಲಿ ಹಾಕಿಕೊಂಡು ಹೋಗಿದ್ದೆ. ಕೇಳಿದ ಕೂಡಲೇ ತೆಗೆದು ಅವರ ಮುಂದಿಟ್ಟೆ. ಇಟ್ಟ ಮೇಲೆ ಏನು ಮಾಡಿದೆನೆಂದು ಹೊಳೆಯಿತು. ಅವರು ಅದನ್ನು ಬಿಚ್ಚಿದರು, ಮಡಚಿದರು, ಟಕ್ ಎಂದಿತು. "ಇದು ಸಿಕ್ತೇನ್ರಿ? ಅಪ್ಪಾರು ಇಲ್ಲಿಗೂ ಎರಡು ಸಲ ಬಂದಿದ್ರು. ಪಾಪ, ಮಂಡಿನೋವು ಇಟ್ಕಂಡು ಈ ಬೆಂಚಿನ ಕೆಳಗೆ ಬಗ್ಗಿ ನೋಡಿದ್ರು" ಎಂದರು. ಬೇರೇನೂ ಕೇಳಲಿಲ್ಲ. ಕೇಳಿದ್ದರೇ ಚೆನ್ನಾಗಿತ್ತು. ಹೊಸದನ್ನು ಅಲ್ಲೇ ಬಿಟ್ಟು ಬಂದೆ.

ಹೌದು ಮಾವ. ಆ ಚಾಕು ಕಳೆದೇ ಇರಲಿಲ್ಲ. ಸಂಡಿಗೆ ಡಬ್ಬದ ತಳದಲ್ಲಿತ್ತು. ಇಟ್ಟವಳು ನಾನು. ಮಗು ಮತ್ತೆ ಕೈ ಹಾಕೀತೆಂಬ ಹೆದರಿಕೆಗೆ ಬಚ್ಚಿಟ್ಟೆ, ಗಾಯ ಮಾಯುವವರೆಗೆ ಇರಲಿ, ಆಮೇಲೆ ಕೊಡೋಣ ಎಂದುಕೊಂಡೆ. ನೀವು ಕೇಳಿದಿರಿ. "ನಾ ನೋಡಿಲ್ಲ ಮಾವ, ನೀವೇ ಎಲ್ಲೋ ಇಟ್ಟಿರ್ಬೇಕು" ಎಂದೆ. ಒಂದು ಸಲ ಹಾಗೆಂದ ಮೇಲೆ ತೆಗೆದುಕೊಡಲು ಕೈ ಬರಲಿಲ್ಲ. ನೀವು ಮಂಚದ ಕೆಳಗೆ ಹುಡುಕುವಾಗ ಟಾರ್ಚ್ ಹಿಡಿದವಳೂ ನಾನೇ. ಹೊಸ ಚಾಕು ಕೊಟ್ಟಿದ್ದರೆ ಹಳೆಯದನ್ನು ನೀವೇ ಕಳೆದಿರಿ ಎಂದು ಇನ್ನಷ್ಟು ಗಟ್ಟಿ ಮಾಡಿದ ಹಾಗಾಗುತ್ತಿತ್ತು, ಅದು ತಿಳಿಯಲು ನನಗೆ ಇಷ್ಟೆಲ್ಲ ಅಂಗಡಿ ಸುತ್ತಬೇಕಾಯಿತು. ನಿನ್ನೆ ಇವರಿಗೆ ಹೇಳಿದೆ. ಬೈಯುತ್ತಾರೆಂದು ಕಾದೆ, ಬೈಯಲಿಲ್ಲ. ಊಟದ ತಟ್ಟೆ ಸರಿಸಿ, "ಅಪ್ಪಂಗೆ ನೀನೇ ಹೇಳು" ಎಂದು ಎದ್ದುಹೋದರು.

ನಿಮ್ಮ ಚಾಕನ್ನು ಈ ಕಾಗದದ ಜೊತೆ ಕಳಿಸುತ್ತಿಲ್ಲ. ಚಾಕು ಕೈಯಿಂದ ಕೈಗೆ ಕೊಟ್ಟರೆ ಜಗಳವಾಗುತ್ತದೆ, ಕೆಳಗಿಟ್ಟರೆ ತೆಗೆದುಕೊಳ್ಳುತ್ತೇನೆ ಎಂದು ನೀವು ಯಾವಾಗಲೂ ಹೇಳುತ್ತಿದ್ದಿರಿ. ನಿಮ್ಮ ಕೋಣೆಯ ಬೀರುವಿನ ಮೇಲೆ, ಮಗುವಿಗೆ ಎಟುಕದ ಹಾಗೆ ಇಟ್ಟಿದ್ದೇನೆ. ಎಣ್ಣೆ ಹಚ್ಚಿ ಒರೆಸಿಯೇ ಇಟ್ಟಿದ್ದೇನೆ. ನೀವೇ ಬಂದು ತೆಗೆದುಕೊಳ್ಳಬೇಕು. ಅನ್ನಪೂರ್ಣಕ್ಕನಿಗೂ ಭಾವನವರಿಗೂ ನನ್ನ ನಮಸ್ಕಾರ ಹೇಳಿ. ಇದನ್ನು ಅವರಿಗೆ ಓದಿ ಹೇಳಿದರೂ ಸರಿ, ಅನ್ನಿಸಿಕೊಳ್ಳಲು ತಯಾರಿದ್ದೇನೆ. ಆಶೀರ್ವಾದ ಕೇಳುವುದಿಲ್ಲ. ಬಂದ ಮೇಲೆ ನಿಮಗೆ ಮನಸ್ಸಾದರೆ ಮಾಡಿ.

ನಿಮ್ಮ ಸೊಸೆ,
ವಾಣಿ

ತಾ.ಕ.: ಪಕ್ಕದ ಮನೆಯ ಕೊಟ್ಟೂರೇಶ್ ಹರಿಹರಕ್ಕೆ ಡ್ಯೂಟಿಗೆ ಹೊರಟು ಗೇಟಿನ ಮುಂದೆ ಹಾರ್ನ್ ಹೊಡೆಯುತ್ತಿದ್ದಾನೆ, ಕಾಗದ ಅವನ ಕೈಯಲ್ಲೇ ಬರುತ್ತದೆ. ಈಗ ಬರೆಯುತ್ತಿರುವುದು ಮರೆತು ಬಿಟ್ಟದ್ದಲ್ಲ, ಇಷ್ಟುದ್ದ ಬರೆದರೂ ಬರೆಯಲಾಗದೆ ಉಳಿದದ್ದು. ಇವರಿಗೂ ಇನ್ನೂ ಹೇಳಿಲ್ಲ. ಆ ಬೆಳಿಗ್ಗೆ ನೀವು ಸ್ನಾನಕ್ಕೆ ಹೋದಾಗ, ಕಿಟಕಿ ಕಟ್ಟೆಯ ಮೇಲಿದ್ದ ಚಾಕು ತೆಗೆದು ಕೊರಿಯರ್ ಡಬ್ಬದ ಟೇಪು ಕೊಯ್ದವಳು ನಾನು. ಮಡಚಲು ನೋಡಿದೆ. ಸ್ಪ್ರಿಂಗ್ ಬಿಗಿ, ನನ್ನ ಕೈಲಾಗಲಿಲ್ಲ. ಅಷ್ಟರಲ್ಲಿ ಒಲೆಯ ಮೇಲೆ ಹಾಲು ಉಕ್ಕಿತು, ಹಾಗೇ ಬಿಟ್ಟು ಒಳಗೆ ಓಡಿದೆ. ಎಲ್ಲರೂ ನಿಮ್ಮ ಮುಖ ನೋಡಿದಾಗ ನಾನೂ ನಿಮ್ಮ ಮುಖವನ್ನೇ ನೋಡಿದೆ. ನೀವು ಮಡಚಿಯೇ ಇಟ್ಟಿದ್ದಿರಿ ಮಾವ. ನೀವು ಏನನ್ನೂ ಮರೆತಿಲ್ಲ. ಶಾಲೆ ಈಗಲೂ ಮೂರೂವರೆಗೇ ಬಿಡುತ್ತದೆ.