ಬದುಕಿರುವ ನಮ್ಮಪ್ಪನಿಗೊಂದು ನಿಮಿಷದ ಮೌನ

ಸನ್ಮಾನ ಸಮಿತಿಯ ಮಾನ್ಯ ಅಧ್ಯಕ್ಷರೇ,

ನಮ್ಮಪ್ಪ ಇನ್ನೂ ಸತ್ತಿಲ್ಲ. ಇದರಿಂದ ತಮ್ಮ ಸಮಿತಿಗೆ ಆಗಿರುವ ಅನಾನುಕೂಲಕ್ಕೆ ಕುಟುಂಬದ ಪರವಾಗಿ ವಿಷಾದ ವ್ಯಕ್ತಪಡಿಸುತ್ತೇನೆ.

ತಮ್ಮ ಮುಂದೆ ದಿನವೂ ಹತ್ತಾರು ಮಂದಿ ಬಂದು ನಿಲ್ಲುವುದರಿಂದ ನೆನಪು ಮಾಡಿಕೊಡುತ್ತೇನೆ. ಹೋದ ಸೋಮವಾರ ಬಂದಿದ್ದವಳು ನಾನೇ, ಮುಂಡರಗಿಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿರುವ ಜಾಸ್ಮಿನ. ನಮ್ಮಪ್ಪ ಮರ್ದಾನಸಾಬ ನೌಕಾಪಡೆಯ ಡೀಸೆಲ್ ಜಲಾಂತರ್ಗಾಮಿಗಳಲ್ಲಿ ಎಂಜಿನ್ ಮೆಕ್ಯಾನಿಕ್ ಆಗಿ ದುಡಿದು ನಿವೃತ್ತರಾದವರು. ಈ ಸ್ವಾತಂತ್ರ್ಯ ದಿನಕ್ಕೆ ಅವರನ್ನು ಸನ್ಮಾನಿಸುವುದಾಗಿ ತಾವೇ ಹೇಳಿ ಕಳಿಸಿದ್ದಿರಿ. ಅಪ್ಪ ಒಪ್ಪಿದರು, ಆದರೆ ಷರತ್ತು ಹಾಕಿದರು. ಶಾಲು ಬೇಡ, ಹಾರ ಬೇಡ, ಮನೆಯಲ್ಲಿ ಇಡಲು ಜಾಗವಿಲ್ಲದ ಆ ಪ್ಲಾಸ್ಟಿಕ್ ಫಲಕವಂತೂ ಬೇಡವೇ ಬೇಡ. ಮೈಕ್ ಬಂದ್ ಮಾಡಿ, ಮೈದಾನದಲ್ಲಿ ಇದ್ದವರೆಲ್ಲ ಒಂದು ನಿಮಿಷ ಸುಮ್ಮನೆ ಕೂತರೆ ಸಾಕು.

ಇದನ್ನು ಕೇಳಿ ತಾವು ಪೆನ್ನು ಕೆಳಗಿಟ್ಟಿರಿ.

"ನೋಡ್ರಿ ಅಕ್ಕಾರ, ಮೌನಾಚರಣಿ ಸತ್ತವರಿಗೆ ಮಾಡೂದು. ಬದುಕಿದ ಮನುಷ್ಯಾನ್ನ ಮುಂದ ಕುಂಡ್ರಿಸಿಕೊಂಡು ಮೌನ ಮಾಡಿದ್ರ ಮಂದಿ ಏನಂದಾರು?"

"ಎದ್ದು ನಿಲ್ಲೂದು ಬ್ಯಾಡ್ರಿ ಸಾಹೇಬರ. ಕುಂತಲ್ಲೇ ಬಾಯಿ ಮುಚ್ಚಿಕೊಂಡ್ರ ಆತು," ಅಂದೆ.

"ಹಂಗ ಬರೂದಿಲ್ರಿ. ಅವರು ತೀರಿಕೊಂಡ ಮ್ಯಾಲೆ ಬರ್ರಿ. ಒಂದ್ಯಾಕ, ಎರಡು ನಿಮಿಷ ಮಾಡಸ್ತೀನಿ."

ಎಂಥ ಔದಾರ್ಯ! ಸತ್ತರೆ ದುಪ್ಪಟ್ಟು! ಆದರೆ ಮಾನ್ಯರೇ, ನನಗೊಂದು ಸಂಶಯ. ಇಷ್ಟು ವರ್ಷ ತಾವು ಯಾರು ಯಾರಿಗೋ ಮೌನಾಚರಣೆ ಮಾಡಿಸಿದಿರಲ್ಲ, ಅವರಲ್ಲಿ ಒಬ್ಬರಾದರೂ ತಿರುಗಿ ಬಂದು "ಭಾಳ ಚಲೋ ಆತ್ರಿ" ಎಂದು ಹೇಳಿದ್ದುಂಟೇ? ಕೇಳಿಸಿಕೊಳ್ಳಲಾಗದವರಿಗೆ ಮೌನ, ಕೇಳಿಸಿಕೊಳ್ಳುವವರಿಗೆ ಡಿಜೆ. ಈ ಹಂಚಿಕೆಯನ್ನು ಯಾವ ಪುಣ್ಯಾತ್ಮರು ಮಾಡಿದರೋ ತಿಳಿಯದು.

ಅಪ್ಪನಿಗೆ ಈ ಆಸೆ ಹುಟ್ಟಿಸಿದ್ದೂ ತಮ್ಮ ಸಮಿತಿಯೇ. ಕಳೆದ ಗಣರಾಜ್ಯೋತ್ಸವಕ್ಕೆ ಮಾಜಿ ಸೈನಿಕರನ್ನೆಲ್ಲ ಸಾಲಾಗಿ ಕೂರಿಸಿದ್ದಿರಲ್ಲ? ತಮ್ಮ ನಿರೂಪಕರು ಅಪ್ಪನ ಸರದಿ ಬಂದಾಗ "ಹಡಗಿನ ತುದಿಯಲ್ಲಿ ನಿಂತು ವೈರಿಗಳೆದುರು ಗುಡುಗಿದ ಗಂಡುಗಲಿ!" ಎಂದು ಗಂಟಲು ಹರಿಯುವಂತೆ ಕೂಗಿದರು. ನೀರಿನಾಳದಲ್ಲಿ ಚಮಚ ಕೈತಪ್ಪಿ ಬಿದ್ದರೂ ಬೈಸಿಕೊಳ್ಳುತ್ತಿದ್ದ ಮನುಷ್ಯ ಅವರು. ಅಲ್ಲಿ ಗುಡುಗಿದ್ದರೆ ಮೇಲಿನ ವೈರಿ ಹಡಗಿಗೆ ಸುಳಿವು ಸಿಕ್ಕು, ಇವತ್ತು ತಮಗೆ ಈ ಮೌನಾಚರಣೆಯ ಪೇಚೇ ಇರುತ್ತಿರಲಿಲ್ಲ.

ಅಪ್ಪ ಎದ್ದು, "ದನಿ ಸಣ್ಣ ಮಾಡೋ ತಮ್ಮಾ" ಅಂದರು. ಭಾಷಣ ಮಾಡುತ್ತಾರೆಂದು ತಿಳಿದು ನಿರೂಪಕರು ಮೈಕನ್ನೇ ಕೊಟ್ಟರು. ಅಪ್ಪ ಅದರ ಗುಂಡಿ ಒತ್ತಿ ಬಂದ್ ಮಾಡಿ, ಅಷ್ಟೇ ಮರ್ಯಾದೆಯಿಂದ ವಾಪಸ್ ಕೊಟ್ಟರು. ಏನಾಯಿತೆಂದು ತಿಳಿಯದೆ ಇಡೀ ಮೈದಾನ ಒಂದು ಗಳಿಗೆ ಗಪ್ಪಾಯಿತು. ಅಷ್ಟರಲ್ಲಿ ಯಾರೋ "ಕರೆಂಟ್ ಹೋತ್ರಲೇ!" ಎಂದು ಒದರಿ ಜನರೇಟರ್ ಕಡೆಗೆ ಓಡಿದರು. ಹಿಂದೆಯೇ ತಮ್ಮವರು ಸರಪಟಾಕಿ ಹಚ್ಚಿದರು. ಮನೆಗೆ ಬಂದ ಅಪ್ಪ ಹಾರ ಗೂಟಕ್ಕೆ ಹಾಕುತ್ತಾ, "ನಡುವ ಒಂದು ಗಳಿಗಿ ಎಷ್ಟು ಚಲೋ ಇತ್ತಬೇ ಜಾಸ್ಮಿನ" ಅಂದರು. ಅಂದಿನಿಂದ ಅದೇ ಧ್ಯಾನ.

ಅರೆಕಿವುಡ ಮುದುಕರಿಗೆ ಮೌನದ ಹುಚ್ಚು ಯಾಕೆ ಎಂದು ತಾವು ನಗಬಹುದು. ನಗಿ, ನಾವೂ ನಗುತ್ತೇವೆ. ಅಪ್ಪ ಚಹಾ ಬೇಡಿದರೆ ಆಚೆ ಓಣಿಯ ಗಾಳೆಪ್ಪ ಕಾಕಾ "ನನಗೂ ಒಂದು ಕಪ್ಪು" ಎನ್ನುತ್ತಾರೆ, ಅಷ್ಟು ದೊಡ್ಡ ದನಿ. ಎಡಗಿವಿಯನ್ನು ಆ ಡೀಸೆಲ್ ಎಂಜಿನ್ನುಗಳೇ ತಿಂದವು. ನೀರಿನ ಮೇಲ್ಮಟ್ಟದಲ್ಲಿ ಎಂಜಿನ್ ಓಡಿಸಿ ಬ್ಯಾಟರಿ ತುಂಬಿಕೊಳ್ಳುವಾಗ, ಪಕ್ಕದವನ ಕಿವಿಗೆ ಬಾಯಿ ಹಚ್ಚಿ ಕೂಗಿದರೂ ಕೇಳುತ್ತಿರಲಿಲ್ಲವಂತೆ. ಆಮೇಲೆ ಎಂಜಿನ್ ನಿಲ್ಲಿಸಿ, ಬ್ಯಾಟರಿಯ ಮೇಲೆ ಆಳಕ್ಕೆ ಇಳಿಯಬೇಕು. ಆ ಹೊತ್ತಿನ ಬಗ್ಗೆ ಅಪ್ಪ ನಮ್ಮವ್ವ ಖಾತುನಬಿಗೂ ಹೇಳಿರಲಿಲ್ಲ. ಮೊನ್ನೆ, ನಾನು ತಮ್ಮ ಉತ್ತರ ತಂದು ಮುಟ್ಟಿಸಿದ ಮೇಲೆ ಹೇಳಿದರು.

"ಎಂಜಿನ್ ನಿಂತ ಮ್ಯಾಲೆ ಕಿವಿಯಾಗಿನ ಗುಂಯ್ ಅನ್ನೂದು ಸಾವಕಾಶ ಇಳೀತಿತ್ತು. ಆಮ್ಯಾಲೆ ಬಾಜೂಕಿನವರ ಉಸಿರು ಕೇಳಸ್ತಿತ್ತು. ಒಬ್ಬಂವ ಪಂಜಾಬದಂವ, ಒಬ್ಬಂವ ಕೇರಳದಂವ. ಕತ್ತಲದಾಗ ಮಾರಿ ಕಾಣದಿದ್ರೂ ಎಲ್ಲಾರೂ ಅದಾರ ಅಂತ ಧೈರ್ಯ ಬರ್ತಿತ್ತು. ನಮ್ಮೂರ ಮಂದಿನೂ ಒಮ್ಮೆ ಹಂಗ ಕೇಳಬೇಕವಾ."

ನನಗೆ ಅಳು ಬಂತು ಮಾನ್ಯರೇ, ಮುಚ್ಚಿಡುವುದಿಲ್ಲ. ಯಾಕೆಂದರೆ ಬಲಗಿವಿಯೂ ಹೊರಟು ನಿಂತಿದೆ ಎಂದು ಗದಗಿನ ಡಾಕ್ಟರು ಹೇಳಿದ್ದಾರೆ. ಕಿವಿಗೆ ಮಷಿನ್ ಹಾಕಿದರೂ ಉಸಿರಿನಷ್ಟು ಸಣ್ಣ ಸದ್ದು ಕೇಳಿಸುವುದು ಇನ್ನು ಸ್ವಲ್ಪ ದಿನ ಮಾತ್ರವಂತೆ. ಅದು ಹೋದ ಮೇಲೆ ತಾವು ಸುಮ್ಮನಿದ್ದರೂ ಒಂದೇ, ಪಟಾಕಿ ಹಾರಿಸಿದರೂ ಒಂದೇ.

ಆದ್ದರಿಂದ ನನ್ನ ಬೇಡಿಕೆ ಇಷ್ಟೇ. ಬರುವ ಆಗಸ್ಟ್ ಹದಿನೈದರಂದು ಮೈಕ್, ಜನರೇಟರ್ ಮತ್ತು ಸಾಧ್ಯವಾದರೆ ನಿರೂಪಕರು, ಮೂರನ್ನೂ ಒಂದು ನಿಮಿಷ ಬಂದ್ ಇಡಬೇಕು. ಮಂದಿ ಏನನ್ನುತ್ತಾರೆ ಎಂಬ ಚಿಂತೆ ತಮಗೆ ಬೇಡ, ಆ ಒಂದು ನಿಮಿಷ ಯಾರೂ ಏನೂ ಅನ್ನುವಂತಿಲ್ಲ. ಅಪಶಕುನದ ಭಯವಿದ್ದರೆ ಅದನ್ನು ನಾವು ಹೊರುತ್ತೇವೆ.

ಸಾಯಲೇಬೇಕೆಂಬ ನಿಯಮವನ್ನು ಸಡಿಲಿಸಲಾಗದೆಂದರೆ, ಅಪ್ಪ ತಮಗೊಂದು ಮಾತು ತಿಳಿಸಲು ಹೇಳಿದ್ದಾರೆ, ಇದ್ದದ್ದು ಇದ್ದಂತೆ ಬರೆಯುತ್ತೇನೆ:

"ಸಾಹೇಬರಿಗೆ ಹೇಳು, ನನಗೇನ ಅವಸರ ಇಲ್ಲ. ಅವಸರ ಇರೂದು ನನ್ನ ಕಿವಿಗೆ."

ಇಂತಿ,
ಮನೆಯಲ್ಲಿ ದಿನವೂ ಕೂಗಿ ಮಾತಾಡಿ ಗಂಟಲು ಕಳೆದುಕೊಂಡು, ಕೊನೆಗೆ ಬರೆದು ಹೇಳುತ್ತಿರುವ ಮಗಳು,
ಜಾಸ್ಮಿನ
ಮುಂಡರಗಿ