ಮೂವತ್ತು ಹಾಳೆಯ ಜೋಕಾಲಿ

ಅಕ್ಕಾ,

ಕೊನೆಗೂ ನಿನ್ನ ಮಗಳ ಕೈಲಿ ಬೈಸಿಕೊಂಡೆ. ಸೊಂಟದ ಮೇಲೆ ಕೈ ಇಟ್ಟುಕೊಂಡು, ಥೇಟ್ ನಿನ್ನ ಹಾಗೇ ನಿಂತು ಬೈದಳು. "ಮಾಮಾ, ಇದು ಅಮ್ಮ ಅಲ್ಲ. ಮಳೆ ಬಂದಾಗ ಬಸ್ಸಿನ ಗಾಜು ಒರೆಸೋ ಕಡ್ಡಿ!"

ನೀನು ತೀರಿಹೋದಾಗ ಗಿರಿಜೆ ತೊಟ್ಟಿಲಲ್ಲಿದ್ದಳು. ಈಗ ಒಂಬತ್ತು ವರ್ಷ. ಅವಳ ಪಾಲಿಗೆ ನೀನು ಎಂದರೆ ಗೋಡೆಯ ಮೇಲಿನ ಆ ಒಂದೇ ಫೋಟೋ. ಅದರಲ್ಲೋ, ಸ್ಟುಡಿಯೋದವನಿಗೆ ಹೆದರಿ ಕಂಬದ ಹಾಗೆ ಕೂತಿದ್ದೀಯ. ಹೋದ ತಿಂಗಳು ಶಾಲೆಯಿಂದ ಒಂದು ಆಟ ಕಲಿತು ಬಂದಳು. ಹಾಳೆ ಹಾಳೆಗೂ ಚಿತ್ರವನ್ನು ಚೂರು ಸರಿಸಿ ಬರೆದು, ಎಲ್ಲ ಸೇರಿಸಿ ಹೊಲಿದು, ಹೆಬ್ಬೆರಳಲ್ಲಿ ಸರ್ರನೆ ಬಿಟ್ಟರೆ ಚಿತ್ರ ಅಲ್ಲಾಡುತ್ತದೆ. "ಮಾಮಾ, ನೀನು ಬೋರ್ಡ್ ಬರೆಯೋನು. ಅಮ್ಮ ಪಂಚಮಿ ಜೋಕಾಲಿ ಆಡಾದು ಎಲ್ಲಾರೂ ನೋಡ್ಯಾರೆ, ನಾನೊಬ್ಬಳೇ ನೋಡಿಲ್ಲ. ಬರ್ಕೊಡು" ಅಂದಳು. ಇಲ್ಲ ಅನ್ನಲು ಬಾಯಿ ಎಲ್ಲಿಂದ ತರಲಿ?

ಸಾಸ್ವೆಹಳ್ಳಿಯ ಹುಣಸೆಮರ ನೆನಪಾಯಿತು. ನೀನು ನಿಂತೇ ಜೀಕುತ್ತಿದ್ದೆ, ಕೆಳಗಿದ್ದ ನನ್ನ ತಲೆಗೆ ಬೇಕಂತಲೇ ಸೆರಗು ಬಡಿಸಿಕೊಂಡು ಹೋಗುತ್ತಿದ್ದೆ. ಹಗ್ಗ, ಜಡೆ, ಸೀರೆಯ ಬಣ್ಣ, ಎಲ್ಲ ನೆನಪಿದೆ. ಆದರೆ ಹೇಗೆ ಹೋದೆ, ಹೇಗೆ ಬಂದೆ… ಅದನ್ನೆಲ್ಲ ಯಾರಾದರೂ ನೋಡಿಟ್ಟುಕೊಳ್ಳುತ್ತಾರಾ?

ನನ್ನ ಮೇಷ್ಟ್ರು ಬೋರ್ಡ್ ಬರೆಯೋದು ಕಲಿಸುವಾಗ, ಅಕ್ಷರಗಳ ನಡುವೆ ಸಮ ಜಾಗ ಬಿಡದಿದ್ದರೆ ಕುಂಚದ ಹಿಡಿಯಿಂದಲೇ ಬೆರಳಿಗೆ ಕೊಡುತ್ತಿದ್ದರು. ಆ ಭಯ ಇನ್ನೂ ಹೋಗಿಲ್ಲ. ಜೋಕಾಲಿ ಹೋಗುವ ದಾರಿಯನ್ನೂ ದಾರ ಹಿಡಿದು ಹದಿನೈದು ಸಮಭಾಗ ಮಾಡಿದೆ. ಹೋಗುವಾಗ ಹದಿನೈದು, ಬರುವಾಗ ಹದಿನೈದು. ಮೂವತ್ತು ಅಕ್ಕಂದಿರು! ಒಬ್ಬಳನ್ನೇ ತಡೆಯಲು ಆಗುತ್ತಿರಲಿಲ್ಲ. ಬಿಟ್ಟು ನೋಡಿದರೆ, ಬಸ್ಸಿನ ಕಡ್ಡಿ. ಬೈದ ಮೇಲೆ ಗಿರಿಜೆ ಸಣ್ಣ ದನಿಯಲ್ಲಿ, "ಇರ್ಲಿ ಬಿಡು ಮಾಮಾ, ಅಮ್ಮ ಹಿಂಗೇ ಇದ್ಲು ಅನ್ಕೋತೀನಿ" ಅಂದಳಲ್ಲ, ಅದು ಬೈಗುಳಕ್ಕಿಂತ ಜೋರಾಗಿ ತಾಗಿತು.

ಮೊನ್ನೆ ಚನ್ನಗಿರಿಯಲ್ಲಿ ಒಂದು ಅಡಿಕೆ ಮಂಡಿಯ ಗೋಡೆಗೆ ಹೆಸರು ಬರೆಯುತ್ತಿದ್ದೆ. ಬಣ್ಣದ ಡಬ್ಬಿಯನ್ನು ಏಣಿಯಿಂದ ಉದ್ದ ಹಗ್ಗದಲ್ಲಿ ಇಳಿಬಿಟ್ಟಿದ್ದೆ. ಅದರ ತಳ ತೂತಾಗಿದ್ದು ನನಗೆ ಗೊತ್ತಿಲ್ಲ. ಮೊಣಕಾಲು ತಾಗಿ ಡಬ್ಬಿ ತೂಗಿತು. ನಾನು ಹಿಡಿಯುವಷ್ಟರಲ್ಲಿ ಜಗಲಿಯ ಈ ತುದಿಯಿಂದ ಆ ತುದಿಗೆ ಕೆಂಪು ಹನಿಗಳ ಸಾಲು!

ಸಾಹುಕಾರರು ಓಡಿ ಬಂದರು. "ಏನಲೇ ಬಸಣ್ಣ, ಗೋಡಿಗೆ ಬರಿ ಅಂದ್ರೆ ನೆಲಕ್ಕೆ ರಂಗೋಲಿ ಹಾಕ್ತೀಯಲ್ಲೋ!"

"ಒರೆಸಬ್ಯಾಡ್ರೀ ಸಾಹುಕಾರ್ರೆ, ಒಂದು ಗಳಿಗೆ ತಡೀರಿ!" ಎಂದು ಇಳಿದು, ನೆಲಕ್ಕೆ ಮೂಗು ತಾಗುವಷ್ಟು ಬಗ್ಗಿದೆ.

"ಬಿಸಿಲಿಗೆ ತಲಿ ಕೆಟ್ಟೈತೆ ಇವನಿಗೆ."

ಅಕ್ಕಾ, ಹನಿಗಳು ಎರಡೂ ತುದಿಯಲ್ಲಿ ಒತ್ತೊತ್ತಾಗಿದ್ದವು, ನಡುವೆ ದೂರ ದೂರ. ತೂತು ಒಂದೇ, ಹನಿ ಬೀಳುವುದೂ ಒಂದೇ ಸಮ. ಅಂದರೆ ಡಬ್ಬಿ ನಡುವೆ ಓಡುತ್ತದೆ, ತುದಿ ಬಂದಂತೆ ನಿಧಾನವಾಗುತ್ತದೆ, ತಿರುಗುವ ಮೊದಲು ನಿಂತ ಹಾಗೇ ಆಗಿಬಿಡುತ್ತದೆ. ನೀನೂ ಹೀಗೇ ಅಲ್ಲವಾ? ಮೇಲೆ ಹೋಗಿ, ಊರನ್ನೆಲ್ಲ ಒಮ್ಮೆ ನೋಡಿ, ಆಮೇಲೆ…

ಹನಿಗಳ ಅಳತೆಯನ್ನು ದಾರಕ್ಕೆ ಇಳಿಸಿಕೊಂಡು, ಜಗಲಿ ಒರೆಸಿಕೊಟ್ಟು ಬಸ್ಸು ಹತ್ತಿದೆ. ಮತ್ತೆ ಮೂವತ್ತು ಹಾಳೆ ಬರೆದೆ. ಈ ಸಲ ತುದಿಗಳಲ್ಲಿ ಒಬ್ಬರ ಪಕ್ಕ ಒಬ್ಬರು ಅಕ್ಕಂದಿರು, ನಡುವೆ ಮೂವರೇ ಮೂವರು. ಇನ್ನೊಂದು ಮಜಾ ಕೇಳು. ಹೆಬ್ಬೆರಳು ಬೇಗ ಬಿಟ್ಟರೆ ಲಂಗ ಹಾಕುವ ವಯಸ್ಸಲ್ಲಿ ರಭಸದಿಂದ ಜೀಕುತ್ತಿದ್ದ ಅಕ್ಕ, ನಿಧಾನ ಬಿಟ್ಟರೆ ಮದುವೆಯಾಗಿ ಹಬ್ಬಕ್ಕೆ ಬಂದು ಮೆಲ್ಲಗೆ ತೂಗುತ್ತಿದ್ದ ಅಕ್ಕ. ಹಾಳೆ ಅವೇ! ಇದು ಹೇಗೆ ಅಂತ ಇನ್ನೂ ತಲೆ ಕೆರೆದುಕೊಳ್ಳುತ್ತಿದ್ದೇನೆ.

ಇವತ್ತು ಗಿರಿಜೆಗೆ ಕೊಟ್ಟೆ. ಒಮ್ಮೆ ಬಿಟ್ಟು ನೋಡಿದಳು. ಇನ್ನೊಮ್ಮೆ. ಆಮೇಲೆ, "ಮಾಮಾ, ಮೇಲೆ ಹೋದಾಗ ಒಂಚೂರು ತಡೀತಾಳೆ, ನೋಡು" ಅಂದಳು. ಅಲ್ಲಿಂದ ಪುಸ್ತಕ ಕೆಳಗಿಟ್ಟಿಲ್ಲ. ಅವಳ ಪಕ್ಕದಲ್ಲೇ ಕೂತು ನಿನಗೆ ಇದನ್ನು ಬರೆಯುತ್ತಿದ್ದೇನೆ.

ಒಳಗಿಂದ ನನ್ನವಳು ಕೂಗುತ್ತಿದ್ದಾಳೆ. "ಏನ್ರೀ, ಮಾಮ ಸೊಸೆ ಇಬ್ರೂ ಊಟಕ್ಕೆ ಬರ್ರಿ, ರೊಟ್ಟಿ ಆರ್ತಾವೆ!"

ನಾನು ಏಳುತ್ತಿದ್ದೇನೆ. ನಿನ್ನ ಮಗಳು ಮಾತ್ರ ಹೆಬ್ಬೆರಳನ್ನು ಒಂದು ಹಾಳೆಯ ಮೇಲೆ ಒತ್ತಿ ಹಿಡಿದು, ತಲೆ ಎತ್ತದೆ ಹೇಳುತ್ತಿದ್ದಾಳೆ:

"ತಡಿ ಅತ್ತೆ, ಅಮ್ಮ ಮೇಲದಾಳೆ. ಇಳೀಲಿ, ಬರ್ತೀನಿ."