ಗುನ್ವೋರಳ ಕಾಲು ದಿನ

ಉಪ್ಸಾಲಾ
೧೬ ಅಕ್ಟೋಬರ್ ೨೦೦೫, ಭಾನುವಾರ

ಪ್ರೀತಿಯ ಅಮ್ಮಾ,

ಹೇಗಿದ್ದೀಯ? ಮೊಣಕಾಲಿನ ಊತ ಇಳಿದಿದೆ ಅಂತ ಮಹೇಶ ಹೇಳಿದ. ಅವನಿಗೆ ಎಲ್ಲವೂ ಇಳಿದಂತೆಯೇ ಕಾಣುತ್ತದೆ, ಅದಕ್ಕೇ ನಿನ್ನನ್ನೇ ಕೇಳುತ್ತಿದ್ದೇನೆ. ಮೆಟ್ಟಿಲು ಹತ್ತಿ ಹಪ್ಪಳ ಒಣಗಿಸುವ ಸಾಹಸ ಬೇಡ. ಇಲ್ಲಿ ಚಳಿ ಶುರುವಾಗಿದೆ, ಎಲೆ ಉದುರಿ ಸೈಕಲ್ ದಾರಿಯೆಲ್ಲ ಜಾರುತ್ತಿದೆ. ಕೃತಿ ಚೆನ್ನಾಗಿದ್ದಾಳೆ. ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಸ್ವೀಡಿಷ್‌ನಲ್ಲಿ ಉತ್ತರ, ‘ಅಜ್ಜಿ’ ಅನ್ನುವ ಪದವೊಂದು ಮಾತ್ರ ಇನ್ನೂ ಉಳಿದಿದೆ. ಸುದರ್ಶನ್ ಆರೋಗ್ಯವಾಗಿದ್ದಾರೆ.

ಪ್ರತಿ ಸಲ ಫೋನಿನಲ್ಲಿ ನೀನು ಗುನ್ವೋರ್ ಹೇಗಿದ್ದಾಳೆ ಎಂದು ಕೇಳುತ್ತೀಯ, ನಾನು ಮಾತು ಹಾರಿಸುತ್ತೇನೆ. ಹೋದ ವರ್ಷ ಬೇಸಿಗೆಯಲ್ಲಿ ನೀನು ಬಂದಾಗ ನಿಮ್ಮಿಬ್ಬರಿಗೂ ಒಂದು ಭಾಷೆ ಇರಲಿಲ್ಲ. ಆದರೂ ನಿನ್ನ ಶೇಂಗಾ ಚಟ್ನಿಪುಡಿಯನ್ನು ಬೆಣ್ಣೆ ಸವರಿದ ಗಟ್ಟಿ ರೊಟ್ಟಿಯ ಮೇಲೆ ಉದುರಿಸಿಕೊಂಡು ತಿನ್ನುತ್ತಾ ನಿನ್ನ ಜೊತೆ ಗಂಟೆಗಟ್ಟಲೆ ಕೂತವಳು ಅವಳು. ಸುದರ್ಶನ್ ಸಂಶೋಧನೆ ಬಿಟ್ಟು ಲ್ಯಾಬ್ ಯಂತ್ರಗಳ ರಿಪೇರಿಗೆಂದು ಈ ಕಂಪನಿ ತೆರೆದಾಗ ನಮ್ಮ ಹೆಸರನ್ನು ಸರಿಯಾಗಿ ಉಚ್ಚರಿಸುವವರೂ ಇರಲಿಲ್ಲ. ಮೊದಲ ದಿನದಿಂದ ನಮ್ಮ ಆಫೀಸು ನೋಡಿಕೊಂಡು, ಯೂನಿವರ್ಸಿಟಿಯ ಒಂದೊಂದು ವಿಭಾಗಕ್ಕೂ ಫೋನ್ ಮಾಡಿ, ‘ನಮ್ಮ ಹುಡುಗ ಬಂದು ನೋಡುತ್ತಾನೆ’ ಎಂದು ಕೆಲಸ ತಂದುಕೊಟ್ಟವಳು ಅವಳೇ. ಈಗಲೂ ಕಂಪನಿಯಲ್ಲಿ ನಾವು ಮೂರೇ ಜನ.

ಈ ವರ್ಷ ಫೆಬ್ರವರಿಯಲ್ಲಿ ಅವಳಿಗೆ ಸ್ತನದ ಕ್ಯಾನ್ಸರ್ ಎಂದು ಗೊತ್ತಾಯಿತು. ಆಪರೇಷನ್ ಆಯಿತು, ಔಷಧಿ ಹಾಕಿದರು, ಕೂದಲು ಹೋಯಿತು. ಆಸ್ಪತ್ರೆಯ ಖರ್ಚಿನ ಚಿಂತೆ ಇಲ್ಲಿ ಯಾರಿಗೂ ಇಲ್ಲ. ಅಪ್ಪನ ಮಿಲ್ಲಿನಲ್ಲಿ ಇಎಸ್‌ಐ ಇತ್ತಲ್ಲ, ಹಾಗೆ ಇಲ್ಲಿ ಸರ್ಕಾರದ ವಿಮೆಯೇ ರಜೆಯ ಸಂಬಳವನ್ನೂ ಕೊಡುತ್ತದೆ. ಮೊದಲ ಎರಡು ವಾರ ಮಾತ್ರ ಮಾಲೀಕರದು. ಆದರೆ ಈ ವರ್ಷ ಜನವರಿಯಿಂದ ಕಾನೂನು ಬದಲಾಗಿದೆ. ನೌಕರ ಪೂರ್ತಿ ರಜೆಯಲ್ಲಿರುವಷ್ಟು ಕಾಲ ವಿಮೆಯವರು ಕೊಡುವ ದುಡ್ಡಿನಲ್ಲಿ ನೂರಕ್ಕೆ ಹದಿನೈದು ಪಾಲು ಮಾಲೀಕನ ತಲೆಗೆ. ತೆರಿಗೆಯ ಜೊತೆಗೇ ಕತ್ತರಿಸುತ್ತಾರೆ. ನಮ್ಮಂಥ ಚಿಕ್ಕವರಿಗೆ ವರ್ಷಕ್ಕೆ ಇಷ್ಟು ಎಂದು ವಿನಾಯಿತಿ ಇದೆ. ಅದು ಬೇಸಿಗೆಯಲ್ಲೇ ಮುಗಿಯಿತು. ಅವಳ ಜಾಗಕ್ಕೆ ಇನ್ನೊಬ್ಬರನ್ನು ಇಡುವುದಿರಲಿ, ಅಂಗಡಿ ಬಾಡಿಗೆಗೇ ಸುದರ್ಶನ್ ಒದ್ದಾಡುತ್ತಿದ್ದರು.

ಲೆಕ್ಕ ನೋಡುವವನು ಒಂದು ದಾರಿ ತೋರಿಸಿದ. ಅವಳು ದಿನದ ಕಾಲು ಭಾಗ ಕೆಲಸಕ್ಕೆ ಬಂದರೂ ಅದು ಪೂರ್ತಿ ರಜೆಯಲ್ಲ, ಆಗ ನಮ್ಮ ಪಾಲು ಸೊನ್ನೆ. ಅದರಲ್ಲಿ ಕಾನೂನಿಗೆ ವಿರುದ್ಧವಾದದ್ದು ಏನೂ ಇಲ್ಲ. ಸುದರ್ಶನ್ ಅವಳನ್ನು ಮನೆಗೆ ಕಾಫಿಗೆ ಕರೆದು, ಮೆತ್ತಗೆ, ಮನೆಯಲ್ಲೇ ಕೂತು ಬೇಜಾರಾಗಿರಬೇಕಲ್ಲ ಎಂದು ಶುರುಮಾಡಿದರು. ನಾನು ತಟ್ಟೆಗೆ ಕೋಡುಬಳೆ ಹಾಕುತ್ತಾ ಸುಮ್ಮನೆ ನಿಂತಿದ್ದೆ. ಅವಳಿಗೆ ಅರ್ಥವಾಗದೆ ಇರುತ್ತದೆಯೇ? ನಗುತ್ತಲೇ ಒಪ್ಪಿದಳು. ಡಾಕ್ಟರು ಬೇಡವೆಂದರೂ ಹಟ ಹಿಡಿದು ಮುಕ್ಕಾಲು ರಜೆ ಎಂದು ಬರೆಸಿಕೊಂಡು ಬಂದಳು.

ಆಗಸ್ಟ್‌ನಿಂದ ದಿನಾ ಬೆಳಿಗ್ಗೆ ಎರಡು ಗಂಟೆಯ ಕೆಲಸಕ್ಕೆ ಬರತೊಡಗಿದಳು. ತಲೆಗೆ ಉಣ್ಣೆಯ ಟೋಪಿ, ಬಲಗೈ ಊದಿ ಪೆನ್ನು ಹಿಡಿಯಲಾಗದು. ಫೋನೆತ್ತಿದರೆ ಮಾತ್ರ ಅದೇ ಹಳೆಯ ದನಿ. ಮುಗಿದ ಮೇಲೆ ಪ್ಯಾಕಿಂಗ್ ಕೋಣೆಯಲ್ಲಿ ಗೋಡೆಗೆ ಒರಗಿ, ಬಸ್ಸಿನವರೆಗೆ ನಡೆಯುವ ಶಕ್ತಿ ಬರುವ ತನಕ ಕೂರುತ್ತಿದ್ದಳು. ನಾನು ಕಾರಿನಲ್ಲಿ ಬಿಡುತ್ತೇನೆ ಎಂದರೆ ಕೇಳುತ್ತಿರಲಿಲ್ಲ. ಅದನ್ನು ನೋಡಲಾಗದೆ ಸುದರ್ಶನ್ ಬೆಳಗಿನ ಹೊತ್ತು ಹೊರಗಿನ ಕೆಲಸ ಇಟ್ಟುಕೊಳ್ಳತೊಡಗಿದರು. ಅವರು ಕೆಟ್ಟವರಲ್ಲ ಅಮ್ಮಾ, ನಿನಗೇ ಗೊತ್ತು.

ಸೆಪ್ಟೆಂಬರ್ ಕೊನೆಯಲ್ಲಿ ಬಸ್ ಸ್ಟಾಪಿನಲ್ಲಿ ತಲೆ ಸುತ್ತಿ ಬಿದ್ದಳು. ಸೊಂಟದ ಮೂಳೆ ಮುರಿಯಿತು, ಜೊತೆಗೆ ಜ್ವರ. ಈಗ ಮತ್ತೆ ಪೂರ್ತಿ ರಜೆ, ಆ ಹದಿನೈದು ಪಾಲೂ ಮತ್ತೆ ನಮ್ಮ ತಲೆಗೆ, ಎಷ್ಟು ತಿಂಗಳೋ ಡಾಕ್ಟರೂ ಹೇಳುತ್ತಿಲ್ಲ. ನಾನು ಅನ್ನ, ತಿಳಿಸಾರು ತೆಗೆದುಕೊಂಡು ಆಸ್ಪತ್ರೆಗೆ ಹೋದೆ. ಸುದರ್ಶನ್ ಪಾರ್ಕಿಂಗ್‌ವರೆಗೆ ಬಂದು ಕಾರಿನಲ್ಲೇ ಕುಳಿತರು. ಅವಳು ನನ್ನ ಕೈ ಹಿಡಿದು, “ಸುದರ್ಶನ್ ಕೇಳಿದ್ದು ತಪ್ಪು ಅಂತ ನಾನು ಹೇಳಲ್ಲ. ಆದರೆ ನೀನೂ ಅಲ್ಲೇ ನಿಂತಿದ್ದೆ ಕೋಕಿಲಾ, ನೀನಾದರೂ ಬೇಡ ಅಂತೀಯೇನೋ ಅಂತ ನಿನ್ನ ಮುಖ ನೋಡಿದೆ,” ಎಂದಳು. ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟು ಮಾಡಿಕೊಂಡಿದ್ದರೆ ಒಳ್ಳೆಯದಿತ್ತು. ತಂದ ಅನ್ನವನ್ನು ನಾಲ್ಕು ಚಮಚ ತಿಂದಳು, ನಿನ್ನ ಮೊಣಕಾಲು ಹೇಗಿದೆ ಎಂದು ಕೇಳಿದಳು.

ಅದಾದ ಮೇಲೆ ನನಗೆ ಊಟ ರುಚಿಸುತ್ತಿಲ್ಲ. ನೀನು ಗಾಬರಿಯಾಗಬೇಡ. ಅವಳ ಹೆಸರಿನಲ್ಲಿ ದುರ್ಗಾಂಬಿಕೆಗೆ ಒಂದು ಹಣ್ಣುಕಾಯಿ ಮಾಡಿಸು. ಗೋತ್ರ, ನಕ್ಷತ್ರ ಯಾವುದೂ ಇಲ್ಲ, ಗುನ್ವೋರ್ ಅಂತಷ್ಟೇ ಹೇಳಿದರೆ ಸಾಕು. ಮಹೇಶನಿಗೂ ಅತ್ತಿಗೆಗೂ ನೆನಪು ತಿಳಿಸು, ಮಕ್ಕಳ ಕೆನ್ನೆಗೆ ನನ್ನ ಪರವಾಗಿ ಮುತ್ತು ಕೊಡು. ನಿನ್ನ ಪಾದ ಮುಟ್ಟಿ ನಮಸ್ಕರಿಸುವ,

ನಿನ್ನ ಮಗಳು
ಕೋಕಿಲಾ

ತಾ.ಕ.: ಮೇಲೆ ಬರೆಯಲು ಕೈ ಬರಲಿಲ್ಲ. ಗುನ್ವೋರಳನ್ನು ಕೆಲಸದಿಂದ ತೆಗೆಯಲು ಸುದರ್ಶನ್ ನೋಟಿಸ್ ಸಿದ್ಧಮಾಡಿದ್ದಾರೆ. ಕಾಯಿಲೆ ಎಂಬ ಕಾರಣಕ್ಕೆ ತೆಗೆಯುವಂತಿಲ್ಲ, ಅದಕ್ಕೆ ಕಂಪನಿಯಲ್ಲಿ ಕೆಲಸವೇ ಇಲ್ಲವೆಂದು ಬರೆದಿದ್ದಾರೆ. ಕಂಪನಿ ನಮ್ಮಿಬ್ಬರ ಹೆಸರಿನಲ್ಲಿರುವುದರಿಂದ ಇಬ್ಬರ ಸಹಿಯೂ ಬೇಕು. ನಾನು ಹಾಕುವುದಿಲ್ಲ ಎಂದೆ. “ಹಾಗಾದ್ರೆ ಕಂಪನಿ ನೀನೇ ನಡೆಸು,” ಅಂತ ಹೇಳಿ ಇವತ್ತು ಬೆಳಿಗ್ಗೆ ಐದಾರು ಗಂಟೆ ದೂರದ ಟೋರ್ಸ್‌ಲಾಂಡಕ್ಕೆ ಹೊರಟುಹೋದರು. ಅಲ್ಲಿ ಕಾರ್ ಕಂಪನಿಯಲ್ಲಿರುವ ಗೆಳೆಯ ನಂದಕುಮಾರನ ಮನೆಯಲ್ಲಿದ್ದುಕೊಂಡು ಕೆಲಸ ಹುಡುಕುತ್ತಾರಂತೆ. ಯಾವಾಗ ಬರುತ್ತಾರೆಂದು ಹೇಳಿಲ್ಲ. ನಿನಗೆ ಫೋನ್ ಮಾಡಿದರೆ ಬೈಯಬೇಡ, ಅವರ ಮಾತನ್ನೂ ಪೂರ್ತಿ ಕೇಳು. ಆದರೆ ಸಹಿ ಹಾಕು ಅಂತ ಮಾತ್ರ ನನಗೆ ಹೇಳಬೇಡ ಅಮ್ಮಾ. ನೀನು ಹೇಳಿದರೆ ಹಾಕಿಬಿಡುತ್ತೇನೇನೋ ಎಂದು ಭಯ.